ಪಟ್ಟೆಮೀನು ಹಳದಿ ಜೊಂಡಿಗೆ ಬಂದದ್ದು

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ, ಕುಂಬಾರ ತಿಗರಿಯಿಂದ ಈಗಷ್ಟೇ ಇಳಿಸಿಟ್ಟ ಮಡಕೆಯಷ್ಟು. ಬಿಸಿಲಿಗೆ ಒಣಗಿರಲಿಲ್ಲ, ಬೆಂಕಿಯಲ್ಲಿ ಬೆಂದಿರಲಿಲ್ಲ. ಯಾರು ಏನನ್ನು ಮುಟ್ಟಿದರೂ ಗುರುತು ಕೂತುಬಿಡುತ್ತಿತ್ತು.

ಕಪ್ಪೆ ಒಂದು ದಿನ ಬಂಡೆಗೆ ಬೆನ್ನು ಉಜ್ಜಿಕೊಂಡಿತು. ಬಂಡೆಯ ಒರಟೆಲ್ಲ ಕಪ್ಪೆಗೆ ಬಂತು. ಬೆಳ್ಳಕ್ಕಿ ಮೋಡದೊಳಗೆ ನುಗ್ಗಿತು. ಆಚೆ ಬರುವಾಗ ಬೆಳ್ಳಗಾಗಿಯೇ ಬಂತು. ಆ ಕಾಲದಲ್ಲಿ ಯಾರನ್ನಾದರೂ ತಬ್ಬಿಕೊಳ್ಳುವ ಮುಂಚೆ ಕೈ ತೊಳೆದಿದೆಯೇ ಅಂತ ಒಂದು ಸಲ ನೋಡಿಕೊಳ್ಳಬೇಕಿತ್ತು.

ಮೀನಿಗೆ ಮಾತ್ರ ಬಣ್ಣ ಬಂದಿರಲಿಲ್ಲ. ಅದನ್ನು ಮುಟ್ಟುತ್ತಿದ್ದುದು ನೀರೊಂದೇ. ಹಾಗಾಗಿ ನೀರಿನ ಬಣ್ಣವೇ ಮೀನಿನ ಬಣ್ಣ. ಮನುಷ್ಯರು ಮುಟ್ಟುತ್ತಿರಲಿಲ್ಲವೇ ಅಂತ ಕೇಳಬೇಡ, ಮಗಾ. ಮುಟ್ಟುತ್ತಿದ್ದರು. ಆದರೆ ಅವರು ಮುಟ್ಟಿದ ಮೀನು ಸಾರಿಗೆ ಹೋಗುತ್ತಿತ್ತು. ಗುರುತು ತೋರಿಸಲು ವಾಪಸ್ ಬಂದ ಮೀನು ಒಂದೂ ಇರಲಿಲ್ಲ.

ಅಲ್ಲೊಂದು ದೊಡ್ಡ ಕೆರೆ. ಕೆರೆಯ ಒಂದು ಮಗ್ಗುಲಿಗೆ ತಗ್ಗು ನೆಲ, ಅದರ ತುಂಬ ಹಸಿರು ಜೊಂಡು. ಮಳೆಗಾಲದಲ್ಲಿ ಕೆರೆ ಉಬ್ಬಿ ಆ ಜೊಂಡಿನೊಳಗೆ ಕಾಲು ಚಾಚಿ ಮಲಗುತ್ತಿತ್ತು. ಮಳೆ ಹೋದ ಮೇಲೆ ಮೆಲ್ಲಗೆ ಕಾಲು ಮಡಚಿಕೊಳ್ಳುತ್ತಿತ್ತು. ಆಗ ಜೊಂಡಿನ ನಡುವೆ ಅಲ್ಲಲ್ಲಿ ನೀರು ನಿಂತುಬಿಡುತ್ತಿತ್ತು. ಅದನ್ನು ಹಿನ್ನೀರು ಅನ್ನುತ್ತಿದ್ದರು.

ದಡದಲ್ಲಿ ಮೂರೋ ನಾಲ್ಕೋ ಮನೆ. ಎಲ್ಲರೂ ಮೀನು ಹಿಡಿಯುವವರೇ. ಆದರೆ ಹಿಡಿಯುತ್ತಿದ್ದುದು ಮಳೆಗಾಲದಲ್ಲಿ ಮಾತ್ರ. ಮೊದಲ ಮಳೆಗೆ ಹಳ್ಳದಲ್ಲಿ ಕೆಂಪು ನೀರು ಇಳಿಯಿತು ಅಂದರೆ ಕೆರೆಯ ಮೀನು ಹಳ್ಳ ಹತ್ತುತ್ತಿದ್ದವು. ಇವರು ಹಳ್ಳದ ಬಾಯಿಗೆ ಕೂಳಿ ಒಡ್ಡುತ್ತಿದ್ದರು. ಕೂಳಿ ಅಂದರೆ ಬಿದಿರು ಸೀಳಿ ಹೆಣೆದ ಉದ್ದನೆಯ ಬುಟ್ಟಿ; ಮೀನು ಒಳಗೆ ಹೋಗಬಹುದು, ಹೊರಗೆ ಬರಲಾರದು.

ಮಳೆ ಬಂದಾಗ ಮೀನು ಬರುತ್ತದೆ, ಮಳೆ ಹೋದಾಗ ಮೀನು ಹೋಗುತ್ತದೆ. ಇದನ್ನು ನೋಡಿ ನೋಡಿ ಅವರು ಒಂದು ತೀರ್ಮಾನಕ್ಕೆ ಬಂದಿದ್ದರು. ಮೀನು ಮೋಡದಲ್ಲಿ ಹುಟ್ಟುತ್ತದೆ, ಮಳೆಯ ಜೊತೆ ಇಳಿಯುತ್ತದೆ, ಮೋಡದ ಜೊತೆ ಊರಿಗೆ ಹೊರಟುಹೋಗುತ್ತದೆ ಅಂತ.

ಹಸ್ತಾ ಮಳೆ ಮುಗಿದು ಚಿತ್ತಾ ಮಳೆ ನಾಲ್ಕು ಹನಿ ಹಾಕಿ ಹೋಯಿತು ಅಂದರೆ ಮೂಡಗಾಳಿ ಬೀಸಲು ಶುರುವಾಗುತ್ತಿತ್ತು. ಒಣ ಗಾಳಿ, ತೆಳ್ಳನೆಯ ಗಾಳಿ. ಅದು ಬಂತು ಅಂದರೆ ಮೋಡಗಳು ಹೊರಟವು ಅಂತಲೇ ಲೆಕ್ಕ. ಆ ದಿನ ಎಲ್ಲರೂ ಕೂಳಿ ತೊಳೆದು ಅಟ್ಟಕ್ಕೆ ಹಾಕುತ್ತಿದ್ದರು. ಆಮೇಲೆ ಅಂಗಳದಲ್ಲಿ ನಿಂತು, ಮುಗಿಲ ಕಡೆ ಒಂದೊಂದು ಹಿಡಿ ಅಕ್ಕಿ ಎರಚಿ, ಕೈ ಬೀಸುತ್ತಿದ್ದರು.

"ಹೋಗ್ಬನ್ನಿ ಮೀನುಗಳ್ರಾ! ಮುಂದಿನ ಮಳೆಗೆ ಮರೀದೆ ಬನ್ನಿ!"

ಕೆರೆಯೊಳಗೆ ಮೀನುಗಳಿಗೆ ಇದೆಲ್ಲ ಕೇಳಿಸುತ್ತಿತ್ತು.

"ಎಲ್ಲಿಗೆ ಕಳಿಸ್ತಾ ಅವ್ರೆ ನಮ್ಮನ್ನ?" ಅಂತ ಮರಿಮೀನು ಕೇಳಿದರೆ, "ಬಾಯಿ ಮುಚ್ಕೊಂಡಿರು. ಹೋಗಿದೀವಿ ಅಂದ್ಕೊಳ್ಳಲಿ," ಅನ್ನುತ್ತಿತ್ತು ದೊಡ್ಡ ಮೀನು.

ಹೀಗೆ ನಡೆದುಕೊಂಡು ಬರುತ್ತಿತ್ತು. ಆಮೇಲೆ ಒಂದು ವರ್ಷ, ಚಿತ್ತಾ ಮಳೆಯ ಕೊನೆಯ ಹನಿ ಬಿದ್ದ ದಿನ, ಬಿಲ್ಲಯ್ಯನ ಹೆಂಡತಿ ದೇವೀರಿಗೆ ಹೆಣ್ಣುಕೂಸು ಹುಟ್ಟಿತು.

ಕೂಸು ಅಂದರೆ ಅಂಗೈಯಗಲದ ಕೂಸು. ಆದರೆ ಅದರ ಗಂಟಲು ದೊಡ್ಡದು. ಹುಟ್ಟಿದಾಗಿನಿಂದ ಅಳು. ಯಾಕೆ ಅಂದರೆ ತಾಯಿಗೆ ಹಾಲು ಬಂದಿರಲಿಲ್ಲ. ಅತ್ತೆ ಹೊನ್ನಜ್ಜಿ ಬಟ್ಟೆಯ ತುದಿಯನ್ನು ಗಂಜಿಯ ತಿಳಿಯಲ್ಲಿ ಅದ್ದಿ ಕೂಸಿನ ಬಾಯಿಗೆ ಇಡುತ್ತಿದ್ದಳು. ಕೂಸು ಎರಡು ಸಲ ಚೀಪಿ, ಇದಲ್ಲ ಅಂತ ಮುಖ ತಿರುಗಿಸಿ, ಮತ್ತೆ ಅಳುತ್ತಿತ್ತು. ದಿನ ಕಳೆದ ಹಾಗೆ ಅಳು ಸಣ್ಣದಾಗುತ್ತಾ ಬಂತು. ದೇವೀರಿಗೆ ಹೆದರಿಕೆಯಾದದ್ದು ಆಗಲೇ. ಜೋರಾಗಿ ಅಳುವ ಕೂಸಿಗೆ ತಾಯಿ ಅಷ್ಟು ಹೆದರುವುದಿಲ್ಲ.

"ಮೀನಿನ ಸಾರು ಕುಡಿದ್ರೆ ಹಾಲು ಇಳೀತದೆ," ಅಂದಳು ಹೊನ್ನಜ್ಜಿ. "ನಿನ್ನ ಗಂಡ ಹುಟ್ಟಿದಾಗ ನಾನು ಕುಡಿದಿದ್ದೆ. ಅವನು ಹುಟ್ಟಿದ್ದು ಮುಂಗಾರಲ್ಲಿ, ಬೇಕಾದಷ್ಟು ಮೀನಿತ್ತು. ನಿನ್ನ ಮಗಳು ನೋಡು, ಮೀನೆಲ್ಲ ಊರಿಗೆ ಹೋದ್ಮೇಲೆ ಬಂದವಳೆ."

"ನಾನು ತರ್ತೀನಿ ಕಣವ್ವ," ಅಂದ ಬಿಲ್ಲಯ್ಯ. ಅಟ್ಟ ಹತ್ತಿ ಕೂಳಿ ಇಳಿಸಿದ.

"ಎಲ್ಲಿಂದ ತರ್ತೀಯೋ? ಏಣಿ ಹಾಕ್ಕೊಂಡು ಮೋಡ ಹತ್ತೀಯಾ?"

ಬಿಲ್ಲಯ್ಯ ಹೋಗಿ ಹಳ್ಳದ ಬಾಯಿಗೆ ಕೂಳಿ ಒಡ್ಡಿದ. ಮೀನು ಬರುವುದು ಅಲ್ಲಿಂದಲೇ ಅಂತ ಅವನಿಗೆ ಗೊತ್ತು. ಅವನಪ್ಪನಿಗೂ ಗೊತ್ತಿದ್ದದ್ದು ಅದೇ. ಆದರೆ ಹಳ್ಳದಲ್ಲಿ ನೀರೇ ಇರಲಿಲ್ಲ. ಒಣ ಮರಳಿನ ಮೇಲೆ ಕೂಳಿ ಬಾಯಿ ತೆರೆದುಕೊಂಡು ಮಲಗಿತ್ತು. ಅದರ ಪಕ್ಕ ಬಿಲ್ಲಯ್ಯ ಕುಕ್ಕರುಗಾಲಲ್ಲಿ ಕೂತಿದ್ದ.

ಮೂಡಗಾಳಿ ಆ ದಾರಿಯಲ್ಲಿ ಬಂತು. "ಏನಪ್ಪಾ, ಇರುವೆ ಹಿಡೀತಿದ್ದೀಯಾ?"

"ಎಲ್ಲಾ ಮಾಡಿದ್ದು ನೀನೇ!" ಅಂತ ಬಿಲ್ಲಯ್ಯ ಸಿಡುಕಿದ. "ಮೋಡ ಹೊಡ್ಕೊಂಡು ಹೋದೆ, ಜೊತೆಗೆ ಮೀನೂ ಹೊಡ್ಕೊಂಡು ಹೋದೆ. ಕಳ್ಳ ಗಾಳಿ!"

ಗಾಳಿಗೆ ಇದು ನಾಟಿತು. ಯಾವ ಊರಿಗೆ ಹೋದರೂ ಇದೇ ಮಾತು ಅದಕ್ಕೆ. ಯಾರೂ ಒಳಗೆ ಕರೆಯುತ್ತಿರಲಿಲ್ಲ. ಅದು ಬರುವ ಸದ್ದಾದರೆ ಸಾಕು, ದಡಾರ್ ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಗಾಳಿ ಮುಖ ಸಣ್ಣದು ಮಾಡಿಕೊಂಡು ಬಿಲ್ಲಯ್ಯನ ಮನೆಯ ಕಡೆಗೇ ಹೋಯಿತು. ಬಾಣಂತಿಯ ಕೋಣೆಗೆ ಬಿದಿರು ದಬ್ಬೆಯ ಕಿಟಕಿ. ಹೊನ್ನಜ್ಜಿ ಗಾಳಿ ಬರಬಾರದು ಅಂತ ಗೋಣಿತಾಟು ಕಟ್ಟಿದ್ದಳು. ಗಾಳಿ ತಾಟಿನ ಸಂದಿಯಲ್ಲಿ ಬಾಯಿ ಇಟ್ಟು ಪಿಸುಗುಟ್ಟಿತು.

"ಮೀನು ನಾನು ತಗೊಂಡು ಹೋಗಿಲ್ಲ, ತಾಯಿ. ಮೋಡವನ್ನೇ ದಬ್ಬೋಕೆ ನನಗೆ ಏದುಸಿರು ಬರ್ತದೆ. ಮೀನು ಯಾರು ಹೊರ್ತಾರೆ?"

ದೇವೀರಿ ಒಬ್ಬಳೇ ಇದ್ದಳು. ಕಿವಿಗೆ ಬಟ್ಟೆ ಕಟ್ಟಿತ್ತು. ಬೆಳಿಗ್ಗೆಯಷ್ಟೇ ಅತ್ತೆ ಮೈಗೆಲ್ಲ ಎಣ್ಣೆ ಅರಿಶಿನ ಹಚ್ಚಿ ತಿಕ್ಕಿದ್ದಳು. ಈಗ ದೇವೀರಿ ಕೂಸಿಗೆ ಕಾಡಿಗೆ ಮಾಡುತ್ತಿದ್ದಳು. ದೀಪದ ಮೇಲೆ ತಟ್ಟೆ ಕವುಚಿ, ಅದರ ಒಳಗೆ ಹಿಡಿದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸುವುದು. ಅವಳ ಬೆರಳುಗಳೆಲ್ಲ ಉದ್ದಕ್ಕೂ ಕರ್ರಗಾಗಿದ್ದವು.

"ಹಾಗಾದ್ರೆ ಮೀನು ಎಲ್ಲಿ?" ಅಂದಳು.

"ನನಗೇನು ಗೊತ್ತು? ಕಣ್ಣಿಗೆ ಕಾಣೋ ವಸ್ತುವಾ ಅದು? ಒಂದು ಮಾತ್ರ ಹೇಳ್ತೀನಿ. ಆ ಜೊಂಡಿನ ಹಿನ್ನೀರಿದೆಯಲ್ಲ, ನಿನ್ನೆ ನಾನು ಅದರ ಪಕ್ಕ ಸುಸ್ತಾಗಿ ಕೂತಿದ್ದೆ. ಬೀಸ್ತಾ ಇರಲಿಲ್ಲ. ಆದರೂ ನೀರು ಸುಕ್ಕುಗಟ್ಟುತ್ತಾ ಇತ್ತು."

ದೇವೀರಿಯ ಕೈ ನಿಂತಿತು. ಗಾಳಿ ಬೀಸುತ್ತಿಲ್ಲ, ನೀರು ಅಲುಗುತ್ತಿದೆ. ಹಾಗಾದರೆ ನೀರೊಳಗೆ ಯಾರೋ ಇದ್ದಾರೆ.

ಬಾಣಂತಿ ಹೊಸ್ತಿಲು ದಾಟಬಾರದು. ತಣ್ಣೀರು ಮುಟ್ಟಬಾರದು. ಮೂಡಗಾಳಿಗೆ ಮೈಯೊಡ್ಡಲೇಬಾರದು. ಇದೆಲ್ಲ ದೇವೀರಿಗೆ ಗೊತ್ತಿತ್ತು. ಅವಳು ಕೂಸಿನ ಮುಖ ನೋಡಿದಳು. ಕೂಸು ಅಳುತ್ತಿರಲಿಲ್ಲ, ಸುಮ್ಮನೆ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಹೊರಗೆ ಹೊನ್ನಜ್ಜಿ ಸೌದೆ ಸೀಳುತ್ತಿದ್ದಳು. ದೇವೀರಿ ಕೂಸಿಗೆ ಬಟ್ಟೆ ಹೊದಿಸಿ, ಕೈ ತೊಳೆಯುವುದನ್ನೂ ಮರೆತು, ಹಿತ್ತಲ ಬಾಗಿಲಿನಿಂದ ಓಡಿದಳು.

ಹೊತ್ತು ಏರಿತ್ತು. ರಾತ್ರಿಯ ಚಳಿ ಬಿಟ್ಟು ನೀರು ಆಗತಾನೇ ಬೆಚ್ಚಗಾಗುತ್ತಿತ್ತು. ಅವಳು ಜೊಂಡು ಸರಿಸಿ ನೋಡಿದಳು. ಒಂದು ಎಲೆಯೂ ಅಲುಗುತ್ತಿಲ್ಲ, ನೀರು ಮಾತ್ರ ಅಲ್ಲಿಷ್ಟು ಇಲ್ಲಿಷ್ಟು ನಡುಗುತ್ತಿದೆ. ಕೈ ಅದ್ದಿದಳು. ಏನೋ ಅಂಗೈಗೆ ಡಿಕ್ಕಿ ಹೊಡೆಯಿತು.

"ಅಯ್ಯಯ್ಯೋ, ಯಾರೋ ಬಂದ್ರು!"

"ತಳ್ಳಬೇಡ್ರೋ, ಇರೋದೇ ಇಷ್ಟು ನೀರು!"

"ಮೀನುಗಳಾ?" ಅಂದಳು ದೇವೀರಿ. "ನೀವು ಮೋಡಕ್ಕೆ ಹೋಗ್ಲಿಲ್ವಾ?"

"ರೆಕ್ಕೆ ಎಲ್ಲವ್ವ ಅದೆ ನಮಗೆ?" ಅಂತು ಒಂದು ದಪ್ಪ ದನಿ. ಅದು ಗುಂಪಿನ ಹಿರಿಯ ಮೀನು. ಬೆನ್ನು ಉಬ್ಬಿದ, ಬಾಯಿ ಅಗಲದ, ಗುಂಪು ಬಿಟ್ಟು ಇರಲಾರದ ಜಾತಿ ಅವರದ್ದು. "ಕೆರೆಯಲ್ಲೇ ಇದ್ವಿ. ಈ ಕಾಲಕ್ಕೆ ಬೇರೆ ಜಾತಿಯ ಮರಿಮೀನೆಲ್ಲ ಜೊಂಡಿನ ಬುಡಕ್ಕೆ ಬರ್ತವೆ, ಬಿಸಿಲು ಇಲ್ಲೇ ಚೆನ್ನಾಗಿ ಬೀಳೋದು. ಮರಿಗಳ ಹಿಂದೆ ನಾವು ಬಂದ್ವಿ. ತಿಂತಾ ತಿಂತಾ ನೀರು ಇಳಿದದ್ದೇ ಗೊತ್ತಾಗ್ಲಿಲ್ಲ. ತಿರುಗಿ ನೋಡಿದ್ರೆ ಬಾಗಿಲು ಮುಚ್ಚಿತ್ತು."

ನಿಜ. ಹಿನ್ನೀರಿಗೂ ಕೆರೆಗೂ ನಡುವೆ ಒಂದು ಕೆಸರಿನ ದಿಬ್ಬ ಎದ್ದು ನಿಂತಿತ್ತು. ದಿಬ್ಬದ ಆಚೆ ಕೆರೆ, ಈಚೆ ಮೊಳಕಾಲುದ್ದದ ನೀರು. ಇನ್ನು ಸ್ವಲ್ಪ ದಿನ ಬಿಸಿಲು ಕಾದರೆ ಅದೂ ಇಲ್ಲ.

"ಏನೋ ವಾಸನೆ ಬರ್ತಾ ಅದಲ್ಲ," ಅಂತು ಹಿರಿಯ ಮೀನು.

"ಅರಿಶಿನ ಅಕ್ಕ. ಬಾಣಂತಿ ನಾನು. ಹಾಲು ಬಂದಿಲ್ಲ, ಕೂಸು ಸೊರಗ್ತಾ ಅದೆ. ಸುಳ್ಳು ಯಾಕೆ ಹೇಳ್ಲಿ, ನಿಮ್ಮನ್ನ ಸಾರು ಮಾಡೋಕೆ ಬಂದಿದೀನಿ."

ನೀರಿನ ಸುಕ್ಕೆಲ್ಲ ಹಿಂದಕ್ಕೆ ಸರಿಯಿತು.

"ನಾವು ಮರಿಮೀನು ತಿನ್ನುವಾಗ ಅವನ್ನ ಕೇಳಿ ತಿಂದ್ವಾ?" ಅಂತು ಹಿರಿಯ ಮೀನು. "ನೀನು ಹೇಳಿಯಾದರೂ ಹೇಳಿದೆ. ಹಸಿವು ಹಸಿವೇ, ತಂಗಿ. ಆದರೆ ಯಾರನ್ನ ತಗೊಳ್ಳಲಿ ಅಂತ ನನ್ನ ಕೇಳ್ಬೇಡ. ಇವರೆಲ್ಲ ನಾನು ಸಾಕಿದವರು. ನಾನು ಬೆರಳು ತೋರಿಸಲ್ಲ."

"ನಿನಗೆ ಬೆರಳೇ ಇಲ್ವಲ್ಲಕ್ಕ."

"ಇದ್ದಿದ್ರೂ ತೋರಿಸ್ತಿರಲಿಲ್ಲ!" ಅಂತ ಹಿರಿಯ ಮೀನು ರೇಗಿತು. ಆಮೇಲೆ ತಾನೇ ಮೆತ್ತಗಾಯಿತು. "ಹಿಂಗೆ ಮಾಡು. ಒಂದು ದಾರ ಇಳಿಬಿಡು, ತುದಿಗೆ ಎರೆಹುಳ ಕಟ್ಟು. ಯಾರಿಗೆ ಬಾಯಿಚಪಲ ತಡೆಯಕ್ಕಾಗಲ್ವೋ ಅವರು ನಿನ್ನವರು. ನಾನೇ ಕಚ್ಚಿದ್ರೂ ಸೈ. ಕಚ್ಚೋದು ನಿಂತ್ಮೇಲೆ ನೀನೂ ಎದ್ದುಬಿಡು. ಉಳಿದವರನ್ನ ಆ ದಿಬ್ಬ ದಾಟಿಸಿ ಕೆರೆಗೆ ಬಿಡು."

"ಆಗ್ಲಿ," ಅಂದಳು ದೇವೀರಿ.

ಕಿವಿಗೆ ಕಟ್ಟಿದ್ದ ಬಟ್ಟೆಯಿಂದ ನೂಲು ಎಳೆದು ಹೊಸೆದಳು. ಒಂದು ಜಾಲಿಮುಳ್ಳು ಮುರಿದು ಕಟ್ಟಿದಳು. ಕೆಸರು ಕೆದಕಿದರೆ ಎರೆಹುಳ ಬೇಕಾದಷ್ಟು. ಕಾಣದ ಮೀನು ಕಚ್ಚಿದ್ದು ಗೊತ್ತಾಗುವುದು ಹೇಗೆ? ಒಣಗಿದ ಜೊಂಡಿನ ದಂಟಿನ ಚೂರು ಒಂದನ್ನು ನೂಲಿಗೆ ಸಿಕ್ಕಿಸಿ ತೇಲಿಬಿಟ್ಟಳು. ಲೋಕದಲ್ಲಿ ಮೊದಲನೆಯ ಗಾಳ ಅದು. ಮೊದಲನೆಯ ಬೆಂಡೂ ಅದೇ.

ಬೆಂಡು ಒಂದು ಸಲ ತಲೆಯಾಡಿಸಿತು. ಇನ್ನೊಂದು ಸಲ ತಲೆಯಾಡಿಸಿತು. ಆಮೇಲೆ ಬುಳಕ್ ಅಂತ ಮುಳುಗಿತು.

ಎಳೆದಳು. ನೀರಿನ ಬಣ್ಣದ ಮೀನು, ಬಿಸಿಲಿನಲ್ಲಿ ಬರೀ ಹೊಳಪು. ಸೆರಗಿಗೆ ಹಾಕಿಕೊಂಡಳು. ಮತ್ತೆ ಇಳಿಬಿಟ್ಟಳು, ಮತ್ತೆ ಬಂತು. ಗುಂಪಿನ ಮೀನಲ್ಲವೇ, ಒಂದಕ್ಕೆ ಏನೋ ಸಿಕ್ಕಿತು ಅಂದರೆ ಇನ್ನೊಂದಕ್ಕೆ ತಡೆಯಲಾಗುವುದಿಲ್ಲ. ಸೆರಗು ಭಾರವಾಯಿತು. ಆಮೇಲೆ ಬೆಂಡು ನಿಂತಿತು. ಅವಳು ಸ್ವಲ್ಪ ಹೊತ್ತು ಕಾದಳು. ನಿಂತೇ ಇತ್ತು. ನೂಲು ಸುತ್ತಿ ಎದ್ದಳು.

ಅಷ್ಟರಲ್ಲಿ ಜೊಂಡು ಸೀಳಿಕೊಂಡು ಬಿಲ್ಲಯ್ಯ ಬಂದ. ಖಾಲಿ ಕೂಳಿ ತಲೆಯ ಮೇಲೆ. ಮನೆಯಲ್ಲಿ ಅವನವ್ವ ಹುಯಿಲೆಬ್ಬಿಸಿ ಹುಡುಕಲು ಕಳಿಸಿದ್ದಳು.

"ದೇವೀರೀ! ತಣ್ಣೀರಲ್ಲಿ ನಿಂತಿದೀಯಲ್ಲ, ಬುದ್ಧಿ ಅದಾ ನಿನಗೆ?" ಅಂದವನು ಸೆರಗು ನೋಡಿದ. ನೀರು ನೋಡಿದ. ಕಣ್ಣರಳಿಸಿದ. "ಮೀನು! ಇಲ್ಲೇ ಅವ್ಯಾ? ಸರಿ ಸರಿ. ಎರಡು ಸಲ ಕೂಳಿ ಅದ್ದಿ ಬಾಚಿದ್ರೆ ಎಲ್ಲಾ ಬಂದುಬಿಡ್ತವೆ."

"ಬೇಡ ಕೂಸಿನಪ್ಪಾ. ಸಾಕಷ್ಟು ಸಿಕ್ಕಿದೆ. ಉಳಿದದ್ದನ್ನ ಕೆರೆಗೆ ಬಿಡ್ತೀನಿ ಅಂತ ಮಾತು ಕೊಟ್ಟಿದೀನಿ."

"ಯಾರಿಗೆ? ಮೀನಿಗಾ?" ಬಿಲ್ಲಯ್ಯ ನಗಾಡಿದ. "ಸಾರಿಗೆ ಮಾತು ಕೊಟ್ಟೋಳು ನೀನೊಬ್ಬಳೇ ಇರ್ಬೇಕು. ನಾಳೆ ಏನು ಮಾಡ್ತೀಯ? ನಾಡಿದ್ದು? ಹಾಲು ಒಂದೇ ದಿನಕ್ಕೆ ಇಳೀತದಾ?"

ದೇವೀರಿ ಬಗ್ಗಿ ಎರಡೂ ಕೈಯಿಂದ ಒಂದು ಮೀನು ಎತ್ತಿ ಅವನ ಮುಖದ ಮುಂದೆ ಹಿಡಿದಳು. ಮೀನು ಬಾಯಿ ತೆರೆಯಿತು, ಮುಚ್ಚಿತು. ತೆರೆಯಿತು, ಮುಚ್ಚಿತು.

"ಇವತ್ತು ಬೆಳಿಗ್ಗೆ ನಿನ್ನ ಮಗಳು ಹಿಂಗೇ ಮಾಡ್ತಿದ್ದಳು," ಅಂದಳು. "ನನ್ನ ಕೈಲಿ ನೋಡಕ್ಕಾಗಲ್ಲ. ನಿನಗಾದ್ರೆ ನೀನು ಬಾಚ್ಕೋ."

ಬಿಲ್ಲಯ್ಯ ಮೀನಿನ ಬಾಯಿ ನೋಡಿದ. ನಗು ನಿಂತಿತು. ಕೂಳಿಯನ್ನು ತಲೆಯಿಂದ ಇಳಿಸಿದ.

"ನಿಂತು ನೋಡಿದ್ರೆ ದಾಟ್ತವಾ?" ಅಂತ ಗೊಣಗಿದ. "ಸರಿ, ನಾನು ಇದರಲ್ಲಿ ತುಂಬ್ಕೊಂಡು ಹೋಗ್ತೀನಿ. ನೀನು ಕೈಯಲ್ಲಿ ತಗೊಂಡು ಬಾ. ಬೇಗ, ಅವ್ವ ಒನಕೆ ಹಿಡ್ಕೊಂಡು ಬರ್ತಾಳೆ."

ಇಬ್ಬರೂ ದಿಬ್ಬ ಹತ್ತಿದರು, ಇಳಿದರು. ಹತ್ತಿದರು, ಇಳಿದರು. ಬಿಲ್ಲಯ್ಯ ಕೂಳಿಯಲ್ಲಿ ಹೊತ್ತ. ದೇವೀರಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಒಯ್ದಳು. ಜಾರುವ ಮೀನು, ಮೆತ್ತಗೆ ಹಿಡಿದರೆ ನಿಲ್ಲುವುದಿಲ್ಲ. ಮೀನುಗಳಿಗೆ ಮನುಷ್ಯರ ಕೈ ಅಂದರೆ ಪ್ರಾಣಭಯ. ಕೆರೆಗೇ ಒಯ್ಯುತ್ತಿದ್ದಾರೆ ಅಂತ ಗೊತ್ತಿದ್ದರೂ ಭಯ. ಹೆದರಿ ಹೆದರಿ ಬೆನ್ನಿನ ಮೇಲಿದ್ದ ಮೆತ್ತನೆಯ ಈಜುರೆಕ್ಕೆ ಮುಳ್ಳುಮುಳ್ಳಾಗಿ ನಿಮಿರಿತು. ದೇವೀರಿಯ ಅಂಗೈಗೆ ಚುಚ್ಚಿ ರಕ್ತ ಬಂತು. ಅವಳು ಬಿಡಲಿಲ್ಲ. ಬಿಟ್ಟಿದ್ದರೆ ಮೀನು ಕೆಸರಿಗೆ ಬೀಳುತ್ತಿತ್ತು.

ಕೊನೆಯದಾಗಿ ಹಿರಿಯ ಮೀನನ್ನು ಬಿಡುವಾಗ ಕೆರೆ ಮಾತಾಡಿತು. ದೊಡ್ಡ ಕೆರೆ, ಆದರೆ ಸಣ್ಣ ದನಿ.

"ಕಾಲು ಮಡಚಿಕೊಳ್ಳುವಾಗ ನಾನು ಹಿಂದೆ ತಿರುಗಿ ನೋಡಲಿಲ್ಲ ಕಣವ್ವ. ಎಲ್ಲರೂ ಜೊತೆಯಲ್ಲೇ ಬಂದ್ರು ಅಂದ್ಕೊಂಡೆ."

"ಹೋಗ್ಲಿ ಬಿಡು. ಎಲ್ಲಾ ಬಂದವೆ, ಎಣಿಸ್ಕೋ," ಅಂದು ದೇವೀರಿ ಮನೆಯ ಕಡೆ ಓಡಿದಳು.

ಹೊನ್ನಜ್ಜಿ ಬೈದ ಬೈಗುಳ ಇಲ್ಲಿ ಬೇಡ. ಬೈಯುತ್ತಲೇ ಬಿಸಿನೀರು ಹುಯ್ದಳು, ಬೈಯುತ್ತಲೇ ಕೆಂಡದ ಮಡಕೆ ತಂದಿಟ್ಟಳು, ಬೈಯುತ್ತಲೇ ಮೀನಿಗೆ ಮೆಣಸು ಬೆಳ್ಳುಳ್ಳಿ ಅರೆದಳು. ಸಾರು ಕುದಿಯಿತು. ದೇವೀರಿ ಬಟ್ಟಲು ಬಟ್ಟಲು ಕುಡಿದಳು. ಕುಡಿದು, ಬೆವರಿ, ಕೂಸನ್ನು ಎದೆಗೆ ಇಟ್ಟುಕೊಂಡು ಕೂತಳು.

ಕೂಸು ಚೀಪಿತು. ಬಿಟ್ಟಿತು. ಮುಖ ತಿರುಗಿಸಿತು. ಬಿಲ್ಲಯ್ಯ ಬಾಗಿಲ ಹೊರಗೆ ನಿಂತಿದ್ದ. ಹೊನ್ನಜ್ಜಿ ಬೈಯುವುದನ್ನು ನಿಲ್ಲಿಸಿದ್ದಳು. ಸಂಜೆ ಇಳಿಯುತ್ತಾ ಬಂತು. ಕೂಸು ಮತ್ತೊಮ್ಮೆ ಬಾಯಿ ಹಾಕಿತು. ಚೀಪಿತು, ಚೀಪಿತು.

ಗುಟುಕ್.

ಆಮೇಲೆ ಇನ್ನೊಂದು, ಗುಟುಕ್.

"ಇಳೀತು," ಅಂದಳು ಹೊನ್ನಜ್ಜಿ, ಸೆರಗಿನಿಂದ ಮೂಗು ಒರೆಸಿಕೊಂಡು.

ಇಲ್ಲಿಗೆ ಎಲ್ಲ ಚೆನ್ನಾಯಿತು ಅನ್ನಬಹುದಿತ್ತು. ಆದರೆ ಮಾರನೆಯ ಬೆಳಿಗ್ಗೆ ಮೂಡಗಾಳಿ ಓಡೋಡಿ ಬಂದು ಕಿಟಕಿಯ ತಾಟು ಬಡಿಯಿತು.

"ತಾಯಿ, ಕೆಟ್ಟಿತು ಕೆಲಸ! ನಿನ್ನ ಕೈಗೆ ಏನು ಬಳ್ಕೊಂಡಿದ್ದೆ ನಿನ್ನೆ?"

ದೇವೀರಿ ಅಂಗೈ ನೋಡಿಕೊಂಡಳು. ಅಂಗೈ ಹಳದಿ. ಬೆರಳು ಕಪ್ಪು.

ಲೋಕ ಹಸಿಯಾಗಿತ್ತಲ್ಲ, ಗುರುತು ಕೂತುಬಿಟ್ಟಿತ್ತು. ಅವಳು ಹಿಡಿದೊಯ್ದ ಮೀನುಗಳೆಲ್ಲ ಅರಿಶಿನದಂತೆ ಹಳದಿ. ಬೆನ್ನಿನಿಂದ ಹೊಟ್ಟೆಯವರೆಗೆ ಕಾಡಿಗೆಯ ಬೆರಳು ಇಳಿದಲ್ಲೆಲ್ಲ ಕರಿಪಟ್ಟೆ. ಚುಚ್ಚಿ ರಕ್ತ ಸೋರಿದಲ್ಲಿ, ಹೊಟ್ಟೆಯ ಕೆಳಗಿನ ಈಜುರೆಕ್ಕೆಗೆ ಕೆಂಪು. ಬಿಲ್ಲಯ್ಯ ಕೂಳಿಯಲ್ಲಿ ಹೊತ್ತ ಮೀನುಗಳಿಗೆ ಏನೂ ಆಗಿರಲಿಲ್ಲ, ಅವು ಈಗಲೂ ನೀರಿನ ಬಣ್ಣದಲ್ಲೇ ಇವೆ. ಕೆರೆಯಲ್ಲಿ ಬೆಳ್ಳಿಯ ಹಾಗೆ ಮಿನುಗಿ ಮಾಯವಾಗುತ್ತವಲ್ಲ, ಅವು.

"ಚೆನ್ನಾಗಿ ಕಾಣ್ತಾವೆ," ಅಂತು ಗಾಳಿ. "ಅದೇ ತೊಂದರೆ. ಎಲ್ಲರಿಗೂ ಕಾಣ್ತಾವೆ. ಮಿಂಚುಳ್ಳಿ ಬೆಳಗಿಂದ ಊಟ ಮಾಡ್ತಾನೇ ಅದೆ. ಹೊಟ್ಟೆ ಬಿರಿದು ಕೊಂಬೆ ಮೇಲೆ ಕೂರಕ್ಕಾಗ್ತಿಲ್ಲ ಅದಕ್ಕೆ."

ದೇವೀರಿ ಮತ್ತೆ ಅಂಗೈ ನೋಡಿಕೊಂಡಳು. ಉಳಿಸಬೇಕು ಅಂತ ಹಿಡಿದ ಕೈಯೇ ಹಿಡಿದುಕೊಟ್ಟಿತಲ್ಲ. ಅವಳು ಹೊರಗೆ ಹೋಗುವ ಹಾಗಿರಲಿಲ್ಲ. ಹೊಸ್ತಿಲಿಗೆ ಅಡ್ಡಲಾಗಿ ಹೊನ್ನಜ್ಜಿ ಚಾಪೆ ಹಾಸಿಕೊಂಡು ಮಲಗಿದ್ದಳು. ಗಂಡನ ಕೈಯಲ್ಲಿ ಸೀಗೆಪುಡಿ ಕೊಟ್ಟು ಕಳಿಸಿದಳು. ಬಿಲ್ಲಯ್ಯ ಸೊಂಟದುದ್ದ ನೀರಿನಲ್ಲಿ ನಿಂತು ಮೀನಿಗೆ ಸೀಗೆ ತಿಕ್ಕಿದ. ಮೀನು ಸೀನಿತು, ಮುಳ್ಳೆತ್ತಿ ಅವನ ಕೈಗೆ ಚುಚ್ಚಿತು. ಬಣ್ಣ ಮಾತ್ರ ಹೋಗಲಿಲ್ಲ.

"ನಮ್ಮನ್ನ ಎಲ್ಲಿ ಬಚ್ಚಿಡ್ತೀಯೋ ಕೇಳ್ಕೊಂಡು ಬಾ ಹೆಂಡತೀನ," ಅಂತು ಹಿರಿಯ ಮೀನು. ಕೋಪ ಇರಲಿಲ್ಲ, ಸುಸ್ತಿತ್ತು. "ಆಳಕ್ಕೆ ಹೋದ್ರೆ ಹಸಿವು, ದಡಕ್ಕೆ ಬಂದ್ರೆ ಮಿಂಚುಳ್ಳಿ."

ಬಿಲ್ಲಯ್ಯ ಬಂದು ಹೇಳಿದ. ದೇವೀರಿಗೆ ಅನ್ನ ಸೇರಲಿಲ್ಲ.

ಮಧ್ಯಾಹ್ನ ಹೊನ್ನಜ್ಜಿ ಬಿಸಿಲು ಬೀಳಲಿ ಅಂತ ಕಿಟಕಿಯ ತಾಟು ಸರಿಸಿದಳು. ಕೂಸು ಹಾಲು ಕುಡಿದು, ತಾಯಿಯ ಹಳೆಯ ಹಳದಿ ಸೀರೆಯ ಮೇಲೆ ಮಲಗಿತ್ತು. ಮೈಗೆಲ್ಲ ಅರಿಶಿನ, ಕಣ್ಣಿಗೆ ಕೆನ್ನೆಗೆ ಕಾಡಿಗೆ. ದೇವೀರಿ ತಲೆ ಬಾಚಿ ತಿರುಗಿ ನೋಡಿದಳು. ಕೂಸಿಲ್ಲ! ಸೀರೆ ಇದೆ, ಕಿಟಕಿಯ ದಬ್ಬೆಗಳ ನೆರಳು ಪಟ್ಟೆಪಟ್ಟೆಯಾಗಿ ಸೀರೆಯ ಮೇಲೆ ಬಿದ್ದಿದೆ, ಕೂಸು ಮಾತ್ರ ಇಲ್ಲ.

"ಅತ್ತೆಮ್ಮಾ!" ಅಂತ ಚೀರಿದಳು.

ಆಗ ಪಟ್ಟೆಗಳ ನಡುವೆ ಒಂದು ಪುಟ್ಟ ಕಾಲು ಒದೆಯಿತು. ಕೂಸು ಅಲ್ಲೇ ಇತ್ತು. ಹಳದಿಯ ಮೇಲೆ ಹಳದಿ, ನೆರಳಿನ ಮೇಲೆ ಕಾಡಿಗೆ. ಅಲುಗುವವರೆಗೂ ಹೆತ್ತ ತಾಯಿಯ ಕಣ್ಣಿಗೇ ಕಂಡಿರಲಿಲ್ಲ.

ದೇವೀರಿ ಕೂಸನ್ನು ಎತ್ತಿ ಎದೆಗೊತ್ತಿಕೊಂಡು, ಹಾಗೇ ಕಿಟಕಿಗೆ ಬಾಯಿಟ್ಟು ಕರೆದಳು. "ಗಾಳೀ, ಮೂಡಗಾಳೀ! ಬಾ ಇಲ್ಲಿ!"

ಗಾಳಿಗೆ ನಂಬಲಾಗಲಿಲ್ಲ. ಯಾರಾದರೂ ತನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಜೊಂಡು ಹಸಿರಾಗಿದೆಯಲ್ಲ, ಅದನ್ನ ಒಣಗಿಸಿ ಹಳದಿ ಮಾಡೋಕಾಗ್ತದಾ ನಿನಗೆ?"

"ಒಣಗಿಸೋದಾ? ನನಗೆ ಗೊತ್ತಿರೋದೇ ಅದೊಂದು ಕೆಲಸ. ಅದಕ್ಕೇ ಅಲ್ವಾ ಎಲ್ಲರೂ ಬೈಯೋದು."

"ಈ ಸಲ ಬೈಯಲ್ಲ. ಹೋಗು, ಬೀಸು."

ಗಾಳಿ ಹೋಗಿ ಬೀಸಿತು. ಹಗಲೂ ಬೀಸಿತು, ಇರುಳೂ ಬೀಸಿತು. ಜೊಂಡಿನ ತುದಿ ಹಳದಿಯಾಯಿತು, ಆಮೇಲೆ ನಡು, ಆಮೇಲೆ ಬುಡ. ಬಿಸಿಲು ಬಿದ್ದಾಗ ನೀರೊಳಗೆ ಹಳದಿ ಬೆಳಕು, ಅದರ ಮೇಲೆ ಸಾಲುಸಾಲು ಕರಿ ನೆರಳು. ಕೆರೆಯೂ ಈ ಸಲ ಹಿಂದೆ ತಿರುಗಿ ನೋಡಿ, ದಿಬ್ಬದ ಸಂದಿಯಲ್ಲಿ ಒಂದು ಕಾಲು ಚಾಚಿ ಹಿನ್ನೀರಿಗೆ ದಾರಿ ಬಿಟ್ಟಿತು. ಹಿರಿಯ ಮೀನು ತನ್ನವರನ್ನು ಕರೆದುಕೊಂಡು ಮೆಲ್ಲಗೆ ಜೊಂಡಿನೊಳಗೆ ಬಂತು. ಮರಿಮೀನು ಅಲ್ಲೇ ಇದ್ದವು, ಇವು ಹೊಟ್ಟೆ ತುಂಬ ತಿಂದವು. ಮಿಂಚುಳ್ಳಿ ಕೊಂಬೆಯ ಮೇಲೆ ಕೂತು ಕತ್ತು ಆ ಕಡೆ ವಾಲಿಸಿತು, ಈ ಕಡೆ ವಾಲಿಸಿತು. "ಇಲ್ಲೇ ಇದ್ವಲ್ಲ!" ಅಂದಿತು. ಆಮೇಲೆ ಹಾರಿ ಬೇರೆ ಕಡೆ ಹೋಯಿತು.

ಬಿಲ್ಲಯ್ಯ ಕೂಳಿಯನ್ನು ಅಟ್ಟಕ್ಕೆ ಹಾಕಿದ. ಮುಗಿಲಿಗೆ ಕೈ ಬೀಸುವುದನ್ನು ಬಿಟ್ಟ. ಮೂಡಗಾಳಿಯ ಕಾಲದಲ್ಲಿ ಹೆಂಡತಿಯ ಹಾಗೆ ನೂಲು, ಮುಳ್ಳು, ಬೆಂಡು ಹಿಡಿದು ಹಿನ್ನೀರಿಗೆ ಹೋಗುವುದನ್ನು ಕಲಿತ. ಮೀನೂ ಆಡಿದ ಮಾತಿನಂತೆ ನಡೆದುಕೊಂಡವು. ಬಾಯಿಚಪಲದವು ಬಂದು ಕಚ್ಚುತ್ತಿದ್ದವು. ಬೆಂಡು ನಿಂತ ಮೇಲೆ ಬಿಲ್ಲಯ್ಯ ಏಳುತ್ತಿದ್ದ. ಏಳದೆ ಕೂತರೆ ಹಿಂದಿನಿಂದ ಅವನ ಮಗಳು ಅಂಗಿ ಎಳೆಯುತ್ತಿದ್ದಳು. ಹೌದು, ಅದೇ ಕೂಸು. ಅಷ್ಟು ದೊಡ್ಡದಾಗಿತ್ತು.

ಆಮೇಲೆ ಲೋಕ ಒಣಗಿತು, ಬೆಂದಿತು, ಗಟ್ಟಿಯಾಯಿತು. ಈಗ ಯಾರು ಯಾರನ್ನು ಮುಟ್ಟಿದರೂ ಬಣ್ಣ ಹತ್ತುವುದಿಲ್ಲ. ಹತ್ತಿದ್ದು ಹೋಗುವುದೂ ಇಲ್ಲ.

ಅದಕ್ಕೇ ಮಗಾ, ಜೊಂಡು ಹಸಿರಾಗಿರುವಷ್ಟು ದಿನ ಪಟ್ಟೆಮೀನು ಆಳ ಬಿಟ್ಟು ಬರುವುದಿಲ್ಲ; ಚಿತ್ತಾ ಮಳೆ ಹೋಗಿ ಜೊಂಡು ಹಣ್ಣಾದ ಮೇಲೆ, ಹೊತ್ತು ಏರಿದಾಗ ನೀನು ಹಿನ್ನೀರಿನ ದಡದಲ್ಲಿ ಸದ್ದಿಲ್ಲದೆ ಕೂತು ನೋಡಿದರೆ, ನೀರೊಳಗೆ ಸಾಲಾಗಿ ನಿಂತ ಕರಿ ನೆರಳುಗಳಲ್ಲಿ ನಾಲ್ಕೈದು ಒಟ್ಟಿಗೆ ಎದ್ದು, ನಿನ್ನ ಕಣ್ಣೆದುರೇ ಈಜಿಕೊಂಡು ಹೋಗುತ್ತವೆ.